ಬೀಳದ ಕೋಟೆಯ ಗೈಡು

ಶ್ರೀರಂಗಪಟ್ಟಣದ ಕೋಟೆಯನ್ನು ನಾನು ದಿನಕ್ಕೆ ಮೂರು ಸಲ ಬೀಳಿಸುತ್ತೇನೆ. ಭಾನುವಾರ ಐದು ಸಲ. ಗಾಬರಿಯಾಗಬೇಡಿ, ನಾನು ಗೈಡು. ಬೆಳಗ್ಗೆ ಪಾಲಹಳ್ಳಿಯಿಂದ ಸ್ಕೂಟರಿನಲ್ಲಿ ಹೊರಟು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕೋಟೆ ಬಾಗಿಲಲ್ಲಿ ನಿಂತರೆ ಸಂಜೆಯವರೆಗೆ ನನ್ನ ಕೆಲಸ ಒಂದೇ. ಬಂದವರನ್ನು ಕರೆದುಕೊಂಡು ಹೋಗುವುದು, ಗೋಡೆ ಒಡೆದ ಜಾಗ ತೋರಿಸುವುದು, ಹೊಳೆ ತೋರಿಸುವುದು, ಸುಲ್ತಾನರ ದೇಹ ಸಿಕ್ಕಿದ ಕಡೆ ನೆಟ್ಟಿರುವ ಕಲ್ಲು ತೋರಿಸುವುದು, ಕೋಟೆ ಬಿತ್ತು ಎಂದು ಹೇಳಿ ಕಳಿಸುವುದು. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಈ ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ತಪ್ಪು ಮಾತು ನನ್ನ ಬಾಯಿಂದ ಬಂದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ಬೇರೆಯವರು ಸುರಂಗ, ನಿಧಿ, ದೆವ್ವ ಎಂದೆಲ್ಲ ಒಗ್ಗರಣೆ ಹಾಕುತ್ತಾರೆ. ನಾನು ಹಾಕುವುದಿಲ್ಲ. ಇಲ್ಲಿಂದ ಮೈಸೂರಿಗೆ ಸುರಂಗ ಇದೆಯಂತಲ್ಲ ಎಂದು ಯಾರಾದರೂ ಕೇಳಿದರೆ, "ಬಸ್ಸಿದೆ ಸಾರ್" ಎನ್ನುತ್ತೇನೆ. ಇನ್ನು ಕೆಲವರು, ಅವತ್ತು ಕೋಟೆ ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕಣ್ಣು ಅರೆಮುಚ್ಚಿ ಕೇಳುತ್ತಾರೆ. ಅಂಥವರಿಗೂ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. "ಆಗಿದ್ದು ಆಗೋಯ್ತು ಸಾರ್. ಬಿಸಿಲು ಏರ್ತದೆ, ಮುಂದಕ್ಕೆ ನಡೀರಿ."

ನಿಜ ಹೇಳಬೇಕೆಂದರೆ ನನ್ನ ಬಾಯಿಗೆ ನನ್ನ ಅಗತ್ಯವೇ ಇರಲಿಲ್ಲ. ಅದರ ಪಾಡಿಗೆ ಅದು ಫಿರಂಗಿ ಹಾರಿಸುತ್ತಿದ್ದರೆ, ನಾನು ಮನೆಯ ಗದ್ದೆಗೆ ನಾಲೆ ನೀರು ಬಂತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. "ಗೋಡೆ ಒಡೀತು, ಕಾವಲಿನವರೆಲ್ಲ ಸತ್ರು, ಈ ಕಡೆ ಬನ್ನಿ, ಮೆಟ್ಲು ಜಾರ್ತದೆ." ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳುವ ವಿದ್ಯೆ ನನಗೆ ಸಿದ್ಧಿಸಿತ್ತು.

ನನ್ನ ಹೆಂಡತಿ ಭಾಗ್ಯ ನಾಗಮಂಗಲದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿಕೊಂಡು ಹೋಗಿ ಬರುತ್ತಾಳೆ. ನಿಮ್ಮ ಕೋಟೆಯನ್ನು ನಮ್ಮ ಮಕ್ಕಳಿಗೂ ಒಂದು ಸಲ ತೋರಿಸಿ ಎಂದು ಹದಿಮೂರು ವರ್ಷದಿಂದ ಕೇಳುತ್ತಿದ್ದಳು. ಶಾಲೆಗಳ ಪ್ರವಾಸದ ಕಾಲವೂ ನಮ್ಮ ಕೆಲಸದ ಸುಗ್ಗಿಯೂ ಒಂದೇ ಆದ್ದರಿಂದ, ಮುಂದಿನ ವರ್ಷ ನೋಡೋಣ ಎಂದು ಹದಿಮೂರು ಸಲ ಹೇಳಿದ್ದೆ. ಈ ವರ್ಷ ಅವಳಿಗೆ ಮುಖ್ಯ ಶಿಕ್ಷಕಿಯ ಪ್ರಭಾರ ಸಿಕ್ಕಿತು. ಆ ಕುರ್ಚಿಯ ಮೇಲೆ ಮೊದಲಿಂದ ಕಣ್ಣಿಟ್ಟಿದ್ದ ನಂಜಪ್ಪ ಮೇಷ್ಟ್ರು, ಇವಳು ಎಲ್ಲಿ ಎಡವುತ್ತಾಳೋ ಎಂದು ಕಾಯುತ್ತಿದ್ದರು.

ಅಂಥ ಹೊತ್ತಿನಲ್ಲಿ ಭಾಗ್ಯ ಪ್ರವಾಸ ಇಟ್ಟಳು. ಊರಿನವರು ಮಕ್ಕಳನ್ನು ಕಳಿಸಲು ಹಿಂದೆ ಮುಂದೆ ನೋಡಿದರು. ಇವಳು ಪೋಷಕರ ಸಭೆಯಲ್ಲಿ ಎದ್ದು ನಿಂತು, ನಮ್ಮ ಯಜಮಾನರು ಇಪ್ಪತ್ತಾರು ವರ್ಷದಿಂದ ಅಲ್ಲಿ ಗೈಡು, ಒಂದು ತಪ್ಪು ಮಾತಾಡಿದವರಲ್ಲ, ಪುಸ್ತಕದಲ್ಲಿ ಇಲ್ಲದ್ದನ್ನೂ ನಿಮ್ಮ ಮಕ್ಕಳು ಕಲಿತು ಬರುತ್ತಾರೆ ಎಂದು ಮಾತು ಕೊಟ್ಟುಬಿಟ್ಟಳು. ಆಮೇಲೆ ಮನೆಗೆ ಬಂದು ನನಗೆ ಹೇಳಿದಳು.

"ಹದಿಮೂರು ವರ್ಷದಿಂದ ಕೇಳ್ತಾ ಇವ್ನಿ. ಇದೊಂದ್ಸಲ ನನ್ನ ಮರ್ವಾದೆ ಉಳ್ಸಿ."

ಅದೇನು ದೊಡ್ಡ ಕೆಲಸ ಎಂದೆ. ಬಾಯಿ ತನ್ನ ಪಾಡಿಗೆ ನಡೆಯುತ್ತದಲ್ಲ ಎಂಬ ಧೈರ್ಯ.

ಅದಾದ ಮೂರನೇ ದಿನ ನಾನು ಬಿದ್ದೆ. ಮೆಟ್ಟಿಲು ಜಾರುತ್ತದೆ ಎಂದು ಊರವರಿಗೆಲ್ಲ ಬುದ್ಧಿ ಹೇಳಿದವನು ಕೋಟೆಯ ಮೆಟ್ಟಿಲಲ್ಲಿ ಬಿದ್ದಿದ್ದರೆ ಒಂದು ಗೌರವವಾದರೂ ಇರುತ್ತಿತ್ತು. ನಾನು ಬಿದ್ದದ್ದು ನಮ್ಮ ಕೊಟ್ಟಿಗೆಯಲ್ಲಿ, ಸಗಣಿಯ ಮೇಲೆ. ಕಾಲಿನ ಹರಡು ಮುರಿಯಿತು. ಆರು ವಾರಕ್ಕೆ ಪ್ಲಾಸ್ಟರಿನ ಪಟ್ಟು ಹಾಕಿ, ಕದಲಬೇಡ ಎಂದರು ಡಾಕ್ಟರು. ಭಾಗ್ಯ ಬೆಳಗ್ಗೆ ನನಗೆ ನೀರು ಕಾಯಿಸಿ, ತಿಂಡಿ ಕೊಟ್ಟು, ಎರಡು ಬಸ್ಸು ಹಿಡಿದು ಶಾಲೆಗೆ ಹೋಗಿ, ಸಂಜೆ ಬಂದು ಮತ್ತೆ ನನ್ನ ಸೇವೆ ಮಾಡುತ್ತಿದ್ದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಪಟ್ಟು ಬಿಚ್ಚುವುದಕ್ಕೂ ಪ್ರವಾಸಕ್ಕೂ ಎರಡೇ ದಿನದ ಅಂತರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು, ಅಷ್ಟೇ.

ಭಾಗ್ಯಳ ತಮ್ಮ ಶಂಕರ ಮಾಕವಳ್ಳಿಯವನು. ಸಕ್ಕರೆ ಕಾರ್ಖಾನೆಯ ಕೆಲಸಗಾರ, ಇಬ್ಬರು ಮಕ್ಕಳ ತಂದೆ. ಆದರೂ ವಿಡಿಯೋ ಗೇಮಿನ ಹುಚ್ಚು ಬಿಟ್ಟಿಲ್ಲ. ನನ್ನನ್ನು ನೋಡಲು ಬಂದವನು ಸೇಬುಹಣ್ಣಿನ ಜೊತೆಗೆ ಟೀವಿಗೆ ತಗುಲಿಸುವ ಒಂದು ಪೆಟ್ಟಿಗೆಯನ್ನೂ, ಎರಡು ಕೈಯಲ್ಲಿ ಹಿಡಿಯುವ ಒಂದು ರಿಮೋಟನ್ನೂ ತಂದ. ಅದರಲ್ಲಿದ್ದ ಆಟ ಯಾವುದೋ ಹೊರದೇಶದವರು ಮಾಡಿದ್ದು. ನಮ್ಮ ಶ್ರೀರಂಗಪಟ್ಟಣದ ಕೋಟೆಯದೇ ಕಥೆ!

"ಅವತ್ತು ಕೊಡಗಲ್ಲಿ ಮಳೆ ಉಯ್ದು ಒಳೆ ತುಂಬ್ಬುಡ್ತು ಅಂತ ಇಟ್ಕಳಿ ಭಾವ," ಎಂದು ಅವನು ವಿವರಿಸಿದ. ಹೊಳೆ ತುಂಬಿದ್ದರಿಂದ ಶತ್ರುಗಳು ದಾಟಲಾಗಲಿಲ್ಲ, ಕೋಟೆ ಬೀಳಲಿಲ್ಲ. ಅಲ್ಲಿಂದ ಚರಿತ್ರೆಯ ದಾರಿಯೇ ಬೇರೆ. ನೂರು ವರ್ಷ ಕಳೆದ ಮೇಲೆ ಅದೇ ಕೋಟೆಯಲ್ಲಿ ಉಗಿಯಿಂದ ಓಡುವ ಕಬ್ಬಿಣದ ಗಾಡಿಗಳು, ಮನೆಯಷ್ಟು ದಪ್ಪದ ರಾಕೆಟ್ಟುಗಳು. ಶತ್ರುಗಳು ಈ ಸಲ ಹಾರುವ ಹಡಗಿನಲ್ಲಿ ಬರುತ್ತಾರೆ. ನೀವು ಮೊದಲ ದಿನದ ಕಾವಲಿನ ಸಿಪಾಯಿಯೂ ಹೌದು, ನೂರು ವರ್ಷದ ನಂತರ ಅವನ ಮರಿಮಗನೂ ಹೌದು. ಪರದೆಯ ಮೇಲೆ ನಿಮ್ಮ ಮುಖ ಕಾಣುವುದಿಲ್ಲ. ಎರಡು ಕೈ, ಒಂದು ಬಂದೂಕು, ಅಷ್ಟೇ.

ಇಂಥ ಸುಳ್ಳನ್ನು ಇಪ್ಪತ್ತಾರು ವರ್ಷದ ಅನುಭವಿಯ ಮನೆಗೆ ತರುತ್ತೀಯಲ್ಲೋ ಎಂದು ಅವನನ್ನು ಬೈದೆ. ಅವನು ಊರಿಗೆ ಹೋದ ಮೇಲೆ, ಇದರಲ್ಲಿ ಎಷ್ಟು ತಪ್ಪಿದೆ ಎಂದು ಪಟ್ಟಿ ಮಾಡುವ ಏಕೈಕ ಸದುದ್ದೇಶದಿಂದ ಟೀವಿ ಹಾಕಿದೆ.

ತಪ್ಪುಗಳು ರಾಶಿ ಇದ್ದವು. ಪಕ್ಕದ ಕರೀಘಟ್ಟದ ಗುಡ್ಡದ ಮೇಲೆ ಹಿಮ ಬಿದ್ದಿತ್ತು. ನೀರಬಾಗಿಲು ದಿಕ್ಕು ತಪ್ಪಿ ನಿಂತಿತ್ತು. ತೆಂಗಿನಮರದಲ್ಲಿ ಕಾಯಿ ಮರದ ನಡುವಿಗೆ ಬಿಟ್ಟಿದ್ದವು. ಇದೆಲ್ಲ ಏನೆಂದು ಹತ್ತಿರ ಹೋಗಿ ನೋಡುತ್ತಿದ್ದಾಗ ಯಾರೋ ನನ್ನನ್ನು ಕೊಂದರು. ಇನ್ನೊಂದು ಸಲ ನನಗೆ ಗೊತ್ತಿರುವ ದಾರಿ ಎಂಬ ಭರವಸೆಯಲ್ಲಿ ಎಡಕ್ಕೆ ತಿರುಗಿದೆ. ಅಲ್ಲಿ ಗೋಡೆ ಇರಲಿಲ್ಲ, ಕಾವೇರಿಗೆ ಬಿದ್ದೆ. ಅದೇ ಜಾಗದಲ್ಲಿ ಹನ್ನೊಂದು ಸಲ ಬಿದ್ದೆ, ಯಾಕೆಂದರೆ ಗೋಡೆ ಅಲ್ಲೇ ಇರಬೇಕು.

ಇದಕ್ಕಿಂತ ದೊಡ್ಡ ತೊಂದರೆ ನನ್ನ ಉದ್ಯೋಗದ್ದು. ಗೈಡಾದವನು ಹತ್ತು ಹೆಜ್ಜೆಗೊಮ್ಮೆ ನಿಂತು, ಹಿಂದಕ್ಕೆ ತಿರುಗಿ, ಎಲ್ಲರೂ ಬಂದರೇ ಎಂದು ನೋಡುತ್ತಾನೆ. ಆಟದಲ್ಲೂ ಹಾಗೇ ಮಾಡಿದೆ. ಹತ್ತು ಹೆಜ್ಜೆ ಹೋಗುವುದು, ಶತ್ರುವಿಗೆ ಬೆನ್ನು ಕೊಟ್ಟು ಹಿಂದಕ್ಕೆ ತಿರುಗುವುದು, ಸಾಯುವುದು. ಫೋನಿನಲ್ಲಿ ಶಂಕರನಿಗೆ ಹೇಳಿದಾಗ ಅವನು ಬಹಳ ತಾಳ್ಮೆಯಿಂದ ತಿಳಿಸಿದ. "ಭಾವ, ನೀವಲ್ಲಿ ಗೈಡಲ್ಲ, ಸಿಪಾಯಿ."

ಆ ಮಾತು ನನ್ನನ್ನು ಎಲ್ಲೋ ತಟ್ಟಿತು.

ಆಟದ ಮೊದಲ ಹಂತದಲ್ಲಿ ನನ್ನ ಪಕ್ಕ ಇನ್ನೊಬ್ಬ ಕಾವಲಿನವನು ನಿಂತಿರುತ್ತಾನೆ. ಮಟಮಟ ಮಧ್ಯಾಹ್ನ. ಹೊಳೆಯಲ್ಲಿ ಬರೀ ಬಂಡೆ. ಅವನು ಪ್ರತಿ ಸಲವೂ ತನ್ನ ಸೊಂಟದ ಸೋರೆ ಬುರುಡೆಯಿಂದ ನೀರು ಕುಡಿದು, ಉಳಿದದ್ದನ್ನು ನನ್ನ ಕಡೆ ಚಾಚುತ್ತಾನೆ. ಮಳೆಯ ನೀರು ಬಂದು ಮುಟ್ಟುವವರೆಗೆ ನಾವಿಬ್ಬರೇ ಗೋಡೆಯ ಒಡಕನ್ನು ಕಾಯಬೇಕು. ನಾನು ತಪ್ಪಿದಾಗಲೆಲ್ಲ ಮೊದಲು ಸಾಯುವವನು ಅವನು. ಹದಿನೇಳು ಸಲ ಸತ್ತ. ಹದಿನೇಳು ಸಲವೂ ಮತ್ತೆ ಎದ್ದು ನನಗೆ ನೀರು ಚಾಚಿದ. 'ಕಾವಲಿನವರೆಲ್ಲ ಸತ್ರು, ಈ ಕಡೆ ಬನ್ನಿ' ಎಂದು ದಿನಾ ಹೇಳುತ್ತಿದ್ದ ನನಗೆ, ಆ 'ಎಲ್ಲ' ಅನ್ನುವುದರಲ್ಲಿ ಇಂಥ ಒಬ್ಬನಿದ್ದಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಹದಿನೆಂಟನೇ ಸಲ ಅವನನ್ನು ಉಳಿಸಿದೆ.

ಇಷ್ಟರಲ್ಲಿ ನಮ್ಮವ್ವನೂ ಸೇರಿಕೊಂಡಳು. ಅವಳು ಎಂಬತ್ತು ದಾಟಿದವಳು, ಮಧ್ಯಾಹ್ನವೆಲ್ಲ ನನ್ನ ಮಂಚದ ಪಕ್ಕ ಅವರೆಕಾಯಿ ಸುಲಿಯುತ್ತಾ ಕೂರುವವಳು. ಮೊದಮೊದಲು ಈ ಸದ್ದಿಗೆ ಬೈದಳು. ಆಮೇಲೆ ದಿನಾ ಊಟ ಮುಗಿಸಿ ಬಂದು, ಇವತ್ತು ಕ್ವಾಟೆ ಉಳೀತಾ ಎಂದು ವಿಚಾರಿಸತೊಡಗಿದಳು. ಇಲ್ಲವೆಂದರೆ, ನಿಮ್ಮಪ್ಪನೂ ಹೀಗೇ, ಯಾವುದನ್ನೂ ಉಳಿಸಲಿಲ್ಲ ಎನ್ನುತ್ತಿದ್ದಳು.

ಆಟ ಮುಗಿಸಿದರೆ ಸಾಲದು. ಕೋಟೆಯಲ್ಲಿ ನಲವತ್ತು ತಾಮ್ರದ ಬಿಲ್ಲೆ ಬಚ್ಚಿಟ್ಟಿರುತ್ತಾರೆ. ಎಲ್ಲವೂ ಸಿಕ್ಕಿದರೇ ನೂರಕ್ಕೆ ನೂರು. ಕೋಟೆಯ ಮೂಲೆ ಮೂಲೆ ಬಲ್ಲ ಗೈಡು ತೊಂಬತ್ತೆಂಟಕ್ಕೆ ನಿಲ್ಲುವುದುಂಟೆ? ಐದನೇ ವಾರದ ಹೊತ್ತಿಗೆ ಮೂವತ್ತೊಂಬತ್ತು ಸಿಕ್ಕಿದ್ದವು. ಉಳಿದ ಒಂದಕ್ಕೆ ನಾಲ್ಕು ದಿನ ಹುಡುಕಿದೆ. ಕೊನೆಗೆ ಕಂಡುಹಿಡಿದವಳು ಅವ್ವ. ಅವರೆಕಾಯಿಯಿಂದ ತಲೆ ಎತ್ತದೆ ಹೇಳಿದಳು. "ಆ ಗುಡಾಣದ ಇಂದ್ಗಡೆ ಏನೋ ಮಿಣಮಿಣ ಅಂತದೆ ನೋಡ್ಲಾ."

ಪರದೆಯ ಮೇಲಿನ ಆ ದೊಡ್ಡ ಮಣ್ಣಿನ ಗುಡಾಣದ ಹಿಂದೆ ನಲವತ್ತನೇ ಬಿಲ್ಲೆ ಇತ್ತು. ಅದು ಸಿಕ್ಕಿದ ಮೇಲೆ ಕೊನೆಯ ಕಾಳಗ ಮಾಡಿದೆ. ಹಾರುವ ಹಡಗು ಹೊಳೆಗೆ ಬಿತ್ತು, ಕೋಟೆಯ ಬಾಗಿಲು ಬೀಳದೆ ನಿಂತಿತು, ಒಳಗಿನ ಜನ ಹೊರಬಂದು ನಗಾರಿ ಬಾರಿಸಿದರು. ಪರದೆಯ ಮೇಲೆ ನೂರಕ್ಕೆ ನೂರು ಎಂದು ಬಂತು. ನಾನು ಅಳುತ್ತಿದ್ದೆ. ಐವತ್ತೆರಡು ವಯಸ್ಸಿನ, ಕಾಲಿಗೆ ಪಟ್ಟು ಹಾಕಿದ ಗಂಡಸು ಹಾಡುಹಗಲಲ್ಲಿ ಟೀವಿ ಮುಂದೆ ಅಳುವುದು ಶೋಭೆಯಲ್ಲ ಎಂದು ಗೊತ್ತಿದ್ದೂ ಅಳುತ್ತಿದ್ದೆ. ದಿನಕ್ಕೆ ಮೂರು ಸಲದ ಹಾಗೆ ಇಪ್ಪತ್ತಾರು ವರ್ಷ ಬೀಳಿಸಿದ ಕೋಟೆ, ಒಂದು ಸಲ ಉಳಿದಿತ್ತು. ಉಳೀತೇನ್ಲಾ ಎಂದಳು ಅವ್ವ. ಉಳೀತು ಕಣವ್ವ ಎಂದೆ. ಅವಳು ಒಳಗೆ ಹೋಗಿ ಅಚ್ಚುಬೆಲ್ಲದ ಒಂದು ಚೂರು ತಂದು ನನ್ನ ಬಾಯಿಗೆ ಹಾಕಿದಳು.

ಪಟ್ಟು ಬಿಚ್ಚಿದರು. ಎರಡು ದಿನಕ್ಕೆ ಪ್ರವಾಸ ಬಂತು.

ನಲವತ್ತೆಂಟು ಮಕ್ಕಳು, ಭಾಗ್ಯ, ನಂಜಪ್ಪ ಮೇಷ್ಟ್ರು. ಭಾಗ್ಯ ಮದುವೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಬಸ್ಸಿನಿಂದ ಇಳಿದವಳು ಮಕ್ಕಳಿಗೆ ನನ್ನನ್ನು ತೋರಿಸಿದ ರೀತಿಗೇ ನನ್ನ ಎದೆ ಉಬ್ಬಿತು. ನಾನು ಕೋಲೂರಿಕೊಂಡು ಮುಂದೆ ನಡೆದೆ. ದೇವಸ್ಥಾನ ಸರಿಯಾಯಿತು, ಸೆರೆಮನೆ ಸರಿಯಾಯಿತು. ಹತ್ತು ಹೆಜ್ಜೆಗೊಮ್ಮೆ ಹಿಂದಕ್ಕೆ ತಿರುಗಿದೆ, ಯಾರೂ ನನ್ನನ್ನು ಕೊಲ್ಲಲಿಲ್ಲ.

ಗೋಡೆ ಒಡೆದ ಜಾಗಕ್ಕೆ ಬಂದೆವು. ಎದುರಿಗೆ ಹೊಳೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿಗೆ ಅಪ್ಪಣೆ ಕೊಟ್ಟು, ನಾನು ಎಂದಿನಂತೆ ಯೋಚನೆಗೆ ಬಿದ್ದೆ. ಭಾಗ್ಯಳ ಮುಖ ನೋಡುತ್ತಾ, ಈ ಹದಿಮೂರು ವರ್ಷ ಯಾಕೆ ಇವಳನ್ನು ಸತಾಯಿಸಿದೆನೋ ಎಂದು ಮರುಗುತ್ತಿದ್ದೆ. ಬಾಯಿ ತನ್ನ ಪಾಡಿಗೆ ನಡೆಯುತ್ತಿತ್ತು. ಮಟಮಟ ಮಧ್ಯಾಹ್ನ, ಒಣಗಿದ ಹೊಳೆ, ಒಡಕಿನಲ್ಲಿ ಇಬ್ಬರೇ ಸಿಪಾಯಿಗಳು, ಒಬ್ಬ ಇನ್ನೊಬ್ಬನಿಗೆ ನೀರಿನ ಬುರುಡೆ ಚಾಚುತ್ತಾನೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು. ಅಷ್ಟರಲ್ಲಿ ಕೊಡಗಿನಲ್ಲಿ ಮಳೆ ಬಿತ್ತು, ಹೊಳೆ ಭೋರ್ಗರೆದು ಬಂತು, ಶತ್ರುಗಳು ಕೊಚ್ಚಿಹೋದರು, ಕೋಟೆ ಉಳಿಯಿತು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು.

ಇಪ್ಪತ್ತಾರು ವರ್ಷದಲ್ಲಿ ಆ ಜಾಗದಲ್ಲಿ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಅದರಿಂದಲಾದರೂ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ನಾನು ಕೈ ಮುಗಿದು, ಮೆಟ್ಲು ಜಾರ್ತದೆ ಎಂದು ಎಚ್ಚರಿಸಿ, ಅವರನ್ನೆಲ್ಲ ಸುಲ್ತಾನರ ದೇಹ ಸಿಕ್ಕಿದ ಕಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಕೋಟೆ ಬಿದ್ದ ದಿನ ಅವರು ಇಲ್ಲೇ ಹೋರಾಡುತ್ತಾ ಸತ್ತರು ಎಂದೆ.

ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು. "ಸಾರ್, ಕ್ವಾಟೆ ಬೀಳ್ನಿಲ್ಲ ಅಂದ್ರಲ್ಲ?"

ಅದುವರೆಗೆ ಬಾಯಿ ಏನೇನು ಹೇಳಿತೆಂದು ಒಂದೊಂದಾಗಿ ನೆನಪಾಯಿತು. ಭಾಗ್ಯ ಹೊಳೆಯ ಕಡೆ ನೋಡುತ್ತಿದ್ದಳು. ನಾನು ಇಪ್ಪತ್ತಾರು ವರ್ಷ ನಂಬಿದ್ದ ಮಂತ್ರ ಹೇಳಿದೆ. ಆಗಿದ್ದು ಆಗೋಯ್ತು ಕಣಮ್ಮ, ಬಿಸಿಲು ಏರ್ತದೆ, ಮುಂದಕ್ಕೆ ನಡೀರಿ.

ಹುಡುಗಿ ಕದಲಲಿಲ್ಲ. "ಏನಾಯ್ತು ಅಂತ್ಲೇ ಕೇಳ್ತಿರೋದು ಸಾರ್."

ನಂಜಪ್ಪ ಮೇಷ್ಟ್ರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡು ಭಾಗ್ಯಳ ಕಡೆ ತಿರುಗಿದರು. "ಪುಸ್ತಕದಲ್ಲಿ ಇಲ್ದೇ ಇರೋದ್ನೂ ಕಲ್ತು ಬತ್ತಾರೆ ಅಂದಿದ್ರಿ ಮೇಡಮ್. ಕಲ್ಸೇ ಬುಟ್ರಲ್ಲ ನಿಮ್ಮನೆಯವ್ರು."

ಇನ್ನು ಬೇರೆ ದಾರಿ ಇರಲಿಲ್ಲ. ಮಕ್ಕಳನ್ನು ಅಲ್ಲೇ ನೆಲದ ಮೇಲೆ ಕೂರಿಸಿ, ನಾನೂ ಕೋಲು ಪಕ್ಕಕ್ಕಿಟ್ಟು ಕೂತೆ. ನಾನು ಹೇಳಿದ್ದು ಟೀವಿಯಲ್ಲಿ ಆಡಿದ ಆಟದ ಕಥೆ, ಕೊಡಗಿನಲ್ಲಿ ಅವತ್ತು ಮಳೆ ಬೀಳಲಿಲ್ಲ, ಹೊಳೆ ಒಣಗಿಯೇ ಇತ್ತು, ಅವರು ದಾಟಿ ಬಂದರು, ಕೋಟೆ ಬಿತ್ತು ಎಂದೆ. ಈ ಸಲ ಬಾಯಿಯನ್ನು ಅದರ ಪಾಡಿಗೆ ಬಿಡಲಿಲ್ಲ. ಒಂದೊಂದು ಮಾತನ್ನೂ ನಾನೇ ಹೇಳಿದೆ. ಆ ಒಡಕಿನಲ್ಲಿ ನಿಂತಿದ್ದ ಕಾವಲಿನವರ ಹೆಸರು ನನಗೂ ಗೊತ್ತಿಲ್ಲ, ಅವರಲ್ಲಿ ಯಾರು ಯಾರಿಗೆ ನೀರು ಕೊಟ್ಟರೋ ಗೊತ್ತಿಲ್ಲ, ಸತ್ತದ್ದು ಮಾತ್ರ ನಿಜ ಎಂದೆ.

ಮಕ್ಕಳ ಮುಖ ಬಾಡಿತು. ಹಿಂದೆ ಕೂತಿದ್ದ ಒಂದಿಬ್ಬರು ಅತ್ತೇಬಿಟ್ಟರು. ನನ್ನ ಕೋಟೆ ಸಾವಿರಾರು ಸಲ ಬಿದ್ದಿದೆ, ಅದಕ್ಕೆ ಕಣ್ಣೀರು ಹಾಕಿದವರನ್ನು ನಾನು ಕಂಡದ್ದು ಅವತ್ತೇ ಮೊದಲು.

ಭಾಗ್ಯ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಹೊರಟುಹೋದಳು. ಒಂದು ವಾರ ನನ್ನ ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ಆರು ವಾರ ನನ್ನನ್ನು ಮಗುವಿನ ಹಾಗೆ ನೋಡಿಕೊಂಡವಳು ಹದಿಮೂರು ವರ್ಷಕ್ಕೆ ಒಂದು ಕೇಳಿದಳು, ಅದನ್ನೂ ನಾನು ಕೆಡಿಸಿದೆ. ಅವ್ವ ಎಲ್ಲ ಕೇಳಿಸಿಕೊಂಡು, ತಪ್ಪು ಗುಡಾಣದ್ದು ಎಂದು ತೀರ್ಪು ಕೊಟ್ಟಳು. ಪೆಟ್ಟಿಗೆಯನ್ನು ಶಂಕರನಿಗೆ ವಾಪಸ್ಸು ಕಳಿಸಿದೆ.

ಮುಂದಿನ ಭಾನುವಾರ ಭಾಗ್ಯ ನನ್ನ ಮುಂದೆ ಒಂದು ಕಟ್ಟು ಹಾಳೆ ಇಟ್ಟಳು. ಮಕ್ಕಳು ಪ್ರವಾಸದ ಬಗ್ಗೆ ಬರೆದ ಪ್ರಬಂಧ. ಅಷ್ಟು ಬಿಡಿಸಿ ಹೇಳಿದ್ದರೂ ನಲವತ್ತೆಂಟರಲ್ಲಿ ಮೂವತ್ತೊಂದು ಪ್ರಬಂಧಗಳಲ್ಲಿ ಕೋಟೆ ಉಳಿದಿತ್ತು. ಒಬ್ಬ ಹುಡುಗನಂತೂ ಕರೀಘಟ್ಟದ ಮೇಲಿನ ಹಿಮವನ್ನೂ ವರ್ಣಿಸಿದ್ದ. ಅದನ್ನು ಯಾವಾಗ ಹೇಳಿದೆನೋ ದೇವರೇ ಬಲ್ಲ. ಭಾಗ್ಯ ಕೆಂಪು ಶಾಯಿಯ ಪೆನ್ನು ನನ್ನ ಕೈಗೆ ಕೊಟ್ಟಳು.

"ನೀವ್ ಉಳ್ಸಿದ್ ಕ್ವಾಟೆ. ನೀವೇ ಬೀಳ್ಸಿ."

ಮಧ್ಯಾಹ್ನವೆಲ್ಲ ಕೂತು ಬೀಳಿಸಿದೆ. ಆ ಮೂವತ್ತೊಂದು ಹಾಳೆಗಳ ಮೇಲೂ 'ಕೋಟೆ ಬಿತ್ತು' ಎಂದು ಕೆಂಪಕ್ಷರದಲ್ಲಿ ಬರೆದೆ. ಮಕ್ಕಳು ಅಷ್ಟು ಆಸೆಯಿಂದ ನಿಲ್ಲಿಸಿದ್ದನ್ನು ಕೆಡವುವಾಗ ಬರೆದ ಮಗುವಿನ ಹೆಸರು ಓದಿ ಕ್ಷಮೆ ಕೇಳಿಕೊಂಡೆ. ಕೊನೆಯಲ್ಲಿ ಆ ಎರಡು ಜಡೆಯ ಹುಡುಗಿಯ ಹಾಳೆ ಬಂತು. ಮೂರೇ ಸಾಲು ಬರೆದಿದ್ದಳು. 'ಕೋಟೆ ಬಿತ್ತು. ಕಾವಲಿನವರ ಹೆಸರು ಯಾರಿಗೂ ಗೊತ್ತಿಲ್ಲ. ಗೈಡ್ ಸಾರ್‌ಗೆ ಕೋಟೆ ಬಿದ್ದಿದ್ದು ಇಷ್ಟ ಇಲ್ಲ.'

ಆ ಹಾಳೆಯನ್ನು ಭಾಗ್ಯಳ ಕಡೆ ತಿರುಗಿಸಿದೆ. ಭಾಗ್ಯ ಬಗ್ಗಿ ಓದಿದಳು. ಇದಕ್ಕೆ ಸರಿ ಹಾಕಿ ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಪೋಷಕರ ಸಭೆಯ ಸುದ್ದಿ ಹೇಳಿದಳು. ನಂಜಪ್ಪ ಮೇಷ್ಟ್ರು ಅಲ್ಲಿ ಪ್ರವಾಸದ ಪ್ರಸಂಗವನ್ನು ಅಭಿನಯಿಸಿ ತೋರಿಸಿದರಂತೆ, ಎಲ್ಲರೂ ನಕ್ಕರಂತೆ. ಆಗ ಈ ಹುಡುಗಿಯ ತಾಯಿ ಎದ್ದು, ಇಸ್ಕೂಲಿನ ಒಂದು ಮಾತನ್ನೂ ಮನೆಯಲ್ಲಿ ಆಡದ ಮಗಳು ಅವತ್ತು ಒಲೆ ಮುಂದೆ ಕೂತು ಆ ಕಾವಲಿನವರ ಕಥೆ ಹೇಳಿದಳು, ಮುಂದಿನ ವರ್ಷ ಚಿಕ್ಕವಳನ್ನೂ ಕಳಿಸುತ್ತೇನೆ ಎಂದಳಂತೆ.

ಹಾಗಾದರೆ ಮುಂದಿನ ವರ್ಷವೂ ನಾನೇ ಗೈಡು ತಾನೇ ಎಂದು ಆಸೆಯಿಂದ ಕೇಳಿದೆ. ಬನ್ನಿ ಎಂದಳು ಭಾಗ್ಯ. ಕಥೆ ಅವಳೇ ಹೇಳುತ್ತಾಳಂತೆ. ನಾನು ಮುಂದೆ ನಡೆದು ಯಾವ ಮೆಟ್ಟಿಲು ಜಾರುತ್ತದೆ ಎಂದು ತೋರಿಸಿದರೆ ಸಾಕಂತೆ.

ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಗೋಡೆ ಒಡೆದ ಜಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಅದಕ್ಕೆ ದಿನಕ್ಕೆ ಮೂರರ ಬದಲು ಎರಡೇ ಸಲ ಕೋಟೆ ಬೀಳುತ್ತದೆ. ಮೊನ್ನೆ ಒಬ್ಬರು ದೊಡ್ಡ ಮನುಷ್ಯರು ಅಲ್ಲೇ ನಿಂತು, ಕಣ್ಣು ಅರೆಮುಚ್ಚಿ, ಅವತ್ತು ಈ ಕೋಟೆ ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು ಅಂತೀರಿ ಎಂದು ಕೇಳಿದರು. ನಾನು ಹೊಳೆಯ ಕಡೆ ನೋಡಿದೆ. ಇಡೀ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ನೂರಕ್ಕೆ ನೂರು ಉತ್ತರ ಗೊತ್ತಿರುವವನು ನಾನೊಬ್ಬನೇ.

"ಗೊತ್ತು ಸಾರ್," ಎಂದೆ. "ಹೇಳಂಗಿಲ್ಲ. ಮನೇಲಿ ಬಯ್ತಾರೆ."